ಮುಂದಿನಿಂದ ಕತೆ, ಹಿಂದಿನಿಂದ ಲೆಕ್ಕ

ಸದರ್‌ನಲ್ಲಿ ವಾಸ. ಹೊರಗೆ ಹಿಂದಿ, ಮರಾಠಿ, ಮನೆಯೊಳಗೆ ಕನ್ನಡ. ರಾತ್ರಿ ಊಟವಾದ ಮೇಲೆ ಒಂದೇ ನೋಟ್‌ಬುಕ್ಕಿನಲ್ಲಿ ಮುಂದಿನ ಪುಟದಿಂದ ಸಣ್ಣಕತೆ, ಕೊನೆಯ ಪುಟದಿಂದ ಗಣಿತ. ನೀವು ಇಂಥವರಾದರೆ ನಿಮ್ಮ ಕಷ್ಟ ನಮಗೆ ಗೊತ್ತು: ಬರೆದದ್ದನ್ನು ಯಾರಿಗೆ ತೋರಿಸುವುದು?

ಎರಡೂ ಬೇರೆ ಬೇರೆ ಹುಚ್ಚು ಅಂದುಕೊಳ್ಳಬೇಡಿ. 9ನೇ ಶತಮಾನದಲ್ಲಿ, ರಾಷ್ಟ್ರಕೂಟರ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಅದರ ಒಂದು ಲೆಕ್ಕದಲ್ಲಿ ಪ್ರಣಯಕಲಹದ ನಡುವೆ ಮುತ್ತಿನ ಸರ ಹರಿದು ಚೆಲ್ಲಾಪಿಲ್ಲಿಯಾಗುತ್ತದೆ. ಒಟ್ಟು ಮುತ್ತು ಎಷ್ಟು ಹೇಳಿ ಎನ್ನುತ್ತಾರೆ ಆಚಾರ್ಯರು. ಅರ್ಧ ಕತೆ ಅಲ್ಲೇ ಇದೆ!

ಇನ್ನು ನಮ್ಮ ಮಹಾರಾಷ್ಟ್ರದವರೇ ಆದ ದ.ರಾ. ಕಾಪ್ರೇಕರ್ (1905–1986). ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರು, ಸ್ನಾತಕೋತ್ತರ ಪದವಿ ಇಲ್ಲ. 1949ರಲ್ಲಿ 6174ರ ಗುಣ ಕಂಡುಹಿಡಿದರು. ಹೊರಗಿನ ಜಗತ್ತು ಅವರನ್ನು ಚೆನ್ನಾಗಿ ಅರಿತದ್ದು 1975ರಲ್ಲಿ, ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ. ಇಪ್ಪತ್ತಾರು ವರ್ಷ!

ಸದರ್‌ನ ಪಿನ್‌ಕೋಡ್ 440001. ಕೊನೆಯ ನಾಲ್ಕಂಕಿ 0001 ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಏರಿಕೆಯಲ್ಲಿ ಜೋಡಿಸಿದ್ದನ್ನು ಕಳೆಯಿರಿ: 1000 − 0001 = 0999. ಮತ್ತೆ 9990 − 0999 = 8991. ಆಮೇಲೆ 8082, 8532, ಕೊನೆಗೆ 6174. ಅಲ್ಲಿಂದ ಕದಲುವುದಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರದಿದ್ದರೆ ಯಾವ ನಾಲ್ಕಂಕಿಯಾದರೂ ಏಳು ಹೆಜ್ಜೆಯೊಳಗೆ ಇಲ್ಲಿಗೇ ಬರುತ್ತದೆ.

ಈಗ ಮಾರ್ಗದರ್ಶನದ ಮಾತು. ‘ನನಗೆ ಗಣಿತ ಕಲಿಸಿ ಸಾರ್’ ಎಂದರೆ ಯಾವ ಪ್ರೊಫೆಸರರಿಗೂ ಪುರುಸೊತ್ತಿಲ್ಲ. ಬದಲಿಗೆ, ‘ಬಂದ ವ್ಯತ್ಯಾಸವೆಲ್ಲ 9ರಿಂದ ಭಾಗವಾಗುತ್ತಿದೆ, ಯಾಕೆ? ನಾನು ಇಲ್ಲಿವರೆಗೆ ಬಂದಿದ್ದೇನೆ’ ಎಂದು ಹಾಳೆ ಮುಂದಿಡಿ. ಎರಡು ನಿಮಿಷದಲ್ಲಿ ಹೇಳುತ್ತಾರೆ: ಎರಡು ಸಂಖ್ಯೆಗಳಲ್ಲೂ ಅವೇ ಅಂಕಿಗಳು, ಆದ್ದರಿಂದ 9ರಿಂದ ಭಾಗಿಸಿದಾಗ ಶೇಷವೂ ಒಂದೇ, ಕಳೆದರೆ ಶೇಷ ಹೋಗಿಬಿಡುತ್ತದೆ. ಸಿಕ್ಕಿಕೊಂಡ ಜಾಗವನ್ನು ತೋರಿಸಬೇಕು, ಅಷ್ಟೆ. ಪುಸ್ತಕದ ಹಿಂದಿನ ಉತ್ತರ ಮೊದಲೇ ನೋಡಿಬಿಟ್ಟರೆ ಆ ಜಾಗ ನಿಮಗೇ ಸಿಕ್ಕುವುದಿಲ್ಲ.

ಕತೆಗೂ ಹಾಗೆಯೇ. ‘ಹೇಗಿದೆ?’ ಎಂದು ಕೇಳಿದರೆ ಭಾವ, ಅತ್ತಿಗೆ ಎಲ್ಲರೂ ‘ಚೆನ್ನಾಗಿದೆ’ ಎನ್ನುತ್ತಾರೆ. ಪಾಪ, ಇನ್ನೇನು ಹೇಳಿಯಾರು? ಗಟ್ಟಿಯಾಗಿ ಓದಿ ಹೇಳಿ. ಮಾರನೇ ದಿನ ಅದೇ ಕತೆಯನ್ನು ಅವರ ಬಾಯಲ್ಲಿ ಹೇಳಿಸಿ. ಮರೆತ ಭಾಗ ಬಹುಶಃ ಬೇಕಿರಲಿಲ್ಲ. ತಪ್ಪಾಗಿ ಹೇಳಿದ ಕಡೆ ನೀವೇ ಸರಿಯಾಗಿ ಬರೆದಿಲ್ಲ. ರೇಡಿಯೋದವರಿಗೆ ಇದು ದಿನನಿತ್ಯದ ಪಾಠ. ಕೇಳುಗರು ಹಿಂದಿನ ಪುಟ ತಿರುಗಿಸಲಾರರು. ಮನೆಮಾತು ತಮಿಳಾಗಿದ್ದ, ಸರ್ಕಾರಿ ನೌಕರಿಯಲ್ಲಿದ್ದ ಮಾಸ್ತಿಯವರು 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ತಂದರು. ಅವರ ಎಷ್ಟೋ ಕತೆ ಜಗಲಿಯಲ್ಲಿ ಕೂತು ಯಾರೋ ಹೇಳಿದಂತೆಯೇ ಇವೆ. ಓದಿ, ಕಿವಿಗೊಟ್ಟು ಓದಿ.

ಈ ವಾರಕ್ಕೆ ಒಂದು ಕೆಲಸ. ಅದೇ ಆಟವನ್ನು ಮೂರಂಕಿಯಲ್ಲಿ ಆಡಿ, ಎಲ್ಲಿ ನಿಲ್ಲುತ್ತದೆ ನೋಡಿ. ಮತ್ತೆ ಒಂದು ಪುಟದ ಕತೆ ಬರೆಯಿರಿ: ಮಂಗಳವಾರಿ ಬಜಾರಿನಲ್ಲಿ ಚಿಲ್ಲರೆ ಎಣಿಸುವಾಗ ಲೆಕ್ಕ ತಪ್ಪಿದವನದು.