ಲಾರಿಗಳ ಬಾಡಿ ಕಂಟ್ರೋಲ್ ಮಾಡ್ಯೂಲ್ ಬದಲಾವಣೆ: ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಗದಗ-ಬೆಟಗೇರಿ ಅವಳಿ ನಗರದ ವ್ಯಾಪಾರಕ್ಕೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪೇಟೆಗಳ ವಹಿವಾಟಿಗೂ ಲಾರಿಯೇ ಆಧಾರ. ಮುಂಗಾರಿನ ಹೆಸರು, ಶೇಂಗಾ, ಉಳ್ಳಾಗಡ್ಡಿ, ಅನಂತರ ಬರುವ ಒಣಮೆಣಸಿನಕಾಯಿ ಹಾಗೂ ಕಡಲೆ, ಇವೆಲ್ಲವೂ ಸಕಾಲದಲ್ಲಿ ಪೇಟೆ ತಲುಪಿದರೆ ಮಾತ್ರ ರೈತನಿಗೂ ದಲಾಲರಿಗೂ ಖರೀದಿದಾರರಿಗೂ ಹಿತ. ಮಳೆಯ ರಾತ್ರಿಯಲ್ಲಿ ಉಳ್ಳಾಗಡ್ಡಿ ತುಂಬಿದ ಲಾರಿಯ ವೈಪರ್ ಹಾಗೂ ದೀಪಗಳು ಒಮ್ಮೆಲೆ ನಿಂತುಹೋದರೆ, ಎಂಜಿನ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ವಾಹನ ಮುಂದೆ ಸಾಗುವಂತಿಲ್ಲ. ಹೊಸ ಮಾದರಿಯ ಲಾರಿಗಳಲ್ಲಿ ಇಂತಹ ತೊಂದರೆಯ ಮೂಲವನ್ನು ಹುಡುಕುವಾಗ ‘ಬಾಡಿ ಕಂಟ್ರೋಲ್ ಮಾಡ್ಯೂಲ್’ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಈ ಕುರಿತು ವಾಹನ ಮಾಲೀಕರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಏನಿದು ಮಾಡ್ಯೂಲ್?

ಹಳೆಯ ಲಾರಿಗಳಲ್ಲಿ ಸ್ವಿಚ್ಚಿನಿಂದ ಫ್ಯೂಜ್ ಹಾಗೂ ರಿಲೇ ಮೂಲಕ ನೇರವಾಗಿ ದೀಪಕ್ಕೆ ವಿದ್ಯುತ್ ಹರಿಯುತ್ತಿತ್ತು. ಹೊಸ ವಾಹನಗಳಲ್ಲಿ ಸ್ವಿಚ್ಚು ಕೇವಲ ಸೂಚನೆಯನ್ನು ಕಳುಹಿಸುತ್ತದೆ. ಅದನ್ನು ಗ್ರಹಿಸಿ ಹೆಡ್‌ಲೈಟ್, ಇಂಡಿಕೇಟರ್, ವೈಪರ್, ಹಾರ್ನ್ ಮೊದಲಾದವುಗಳಿಗೆ ವಿದ್ಯುತ್ ಒದಗಿಸುವುದು ಈ ಮಾಡ್ಯೂಲ್. ಎಂಜಿನ್ ನಿಯಂತ್ರಕ, ಬ್ರೇಕಿನ ಎ.ಬಿ.ಎಸ್. ವ್ಯವಸ್ಥೆ ಹಾಗೂ ಮೀಟರ್ ಫಲಕಗಳೊಡನೆ ಅದು ‘ಕ್ಯಾನ್’ ಎಂಬ ಎರಡು ತಂತಿಗಳ ಜಾಲದ ಮೂಲಕ ಮಾಹಿತಿ ವಿನಿಮಯ ಮಾಡಿಕೊಳ್ಳುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ತರುವಾಯ ಲಾರಿಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ಪಾತ್ರ ಮತ್ತಷ್ಟು ಹೆಚ್ಚಿದೆ. ಆದುದರಿಂದ ಟೆಸ್ಟ್ ಲ್ಯಾಂಪ್ ಒಂದನ್ನೇ ನಂಬಿ ದೋಷ ಹುಡುಕುವ ಕಾಲ ಕಳೆದಿದೆ.

ದೋಷದ ಲಕ್ಷಣಗಳು

ಒಂದು ದೀಪ ಮಾತ್ರ ಉರಿಯದಿದ್ದರೆ ಬಲ್ಬ್, ಹೋಲ್ಡರ್ ಅಥವಾ ತಂತಿಯನ್ನು ಶಂಕಿಸಬೇಕು. ಪರಸ್ಪರ ಸಂಬಂಧವಿಲ್ಲದ ಹಲವು ಉಪಕರಣಗಳು ಒಮ್ಮೆಗೇ ಕೆಟ್ಟರೆ, ವೈಪರ್ ತಾನಾಗಿಯೇ ಓಡತೊಡಗಿದರೆ, ನಿಲ್ಲಿಸಿದ ಲಾರಿಯ ಬ್ಯಾಟರಿ ಬೆಳಗಾಗುವುದರೊಳಗೆ ಖಾಲಿಯಾದರೆ ಮಾಡ್ಯೂಲಿನ ಬಗೆಗೆ ಸಂದೇಹಪಡಬಹುದು. ಆದರೆ ಸಂದೇಹವೇ ನಿರ್ಣಯವಲ್ಲ. ಇವೇ ಲಕ್ಷಣಗಳು ಅರ್ಥಿಂಗ್ ಸಡಿಲವಾದಾಗಲೂ, ಕನೆಕ್ಟರಿನಲ್ಲಿ ನೀರು ಸೇರಿ ತುಕ್ಕು ಹಿಡಿದಾಗಲೂ, ಇಲಿ ತಂತಿ ಕಡಿದಾಗಲೂ ಕಾಣಿಸಿಕೊಳ್ಳುತ್ತವೆ. ದುಬಾರಿ ಬಿಡಿಭಾಗವನ್ನು ಹಾಕಿದ ಬಳಿಕವೂ ದೋಷ ಹಾಗೆಯೇ ಉಳಿದರೆ ಹಣದ ಜೊತೆಗೆ ಸುಗ್ಗಿಯ ದಿನಗಳೂ ನಷ್ಟವಾಗುತ್ತವೆ.

ಬದಲಾಯಿಸುವ ಮುನ್ನ ಪರೀಕ್ಷೆ

ಮೊದಲನೆಯದಾಗಿ ಬ್ಯಾಟರಿ. ಭಾರಿ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಪೂರ್ಣ ಚಾರ್ಜ್ ಆದ ಜೋಡಿ ವಿಶ್ರಾಂತ ಸ್ಥಿತಿಯಲ್ಲಿ 25 ವೋಲ್ಟಿಗಿಂತ ತುಸು ಹೆಚ್ಚನ್ನು, ಎಂಜಿನ್ ಓಡುವಾಗ ಸುಮಾರು 28 ವೋಲ್ಟನ್ನು ತೋರಿಸಬೇಕು. ಎರಡನೆಯದಾಗಿ, ದೀಪಗಳನ್ನು ಹಾಕಿದ ಸ್ಥಿತಿಯಲ್ಲಿ ಮಾಡ್ಯೂಲಿನ ಅರ್ಥ್ ತಂತಿಗೂ ಬ್ಯಾಟರಿಯ ನೆಗೆಟಿವ್ ತುದಿಗೂ ನಡುವಿನ ವೋಲ್ಟೇಜ್ ಅಳೆಯಬೇಕು. ಅದು ಅತ್ಯಲ್ಪವಾಗಿರದಿದ್ದರೆ ದೋಷ ಅರ್ಥಿಂಗಿನಲ್ಲಿದೆ. ಮೂರನೆಯದಾಗಿ ಫ್ಯೂಜ್‌ಗಳನ್ನೂ ಕನೆಕ್ಟರ್ ಪಿನ್ನುಗಳನ್ನೂ ಪರಿಶೀಲಿಸಬೇಕು. ನಾಲ್ಕನೆಯದಾಗಿ, ಬ್ಯಾಟರಿ ಕಳಚಿದ ಬಳಿಕ ಕ್ಯಾನ್ ಜಾಲದ ಎರಡು ತಂತಿಗಳ ನಡುವೆ ಸುಮಾರು 60 ಓಮ್ ರೋಧ ಬರಬೇಕು. ಜಾಲದ ಎರಡು ತುದಿಗಳಲ್ಲಿ ತಲಾ 120 ಓಮಿನ ರೋಧಕಗಳಿರುವುದೇ ಇದಕ್ಕೆ ಕಾರಣ. 120 ಓಮ್ ಬಂದರೆ ಒಂದು ತುದಿಯ ಸಂಪರ್ಕ ತಪ್ಪಿದೆಯೆಂದೇ ಅರ್ಥ. ಇವೆಲ್ಲ ಸರಿಯಿದ್ದು, ಡಯಾಗ್ನೋಸ್ಟಿಕ್ ಉಪಕರಣದಲ್ಲಿ ಸ್ವಿಚ್ಚಿನ ಸೂಚನೆ ಮಾಡ್ಯೂಲಿಗೆ ತಲುಪುವುದು ಕಂಡುಬಂದು, ಅಲ್ಲಿಂದ ಮಾತ್ರ ವಿದ್ಯುತ್ ಹೊರಬರದಿದ್ದಲ್ಲಿ ಬದಲಾವಣೆಯ ನಿರ್ಧಾರ ಕೈಗೊಳ್ಳುವುದು ಸೂಕ್ತ.

ಮಾಡ್ಯೂಲ್ ಏಕೆ ಕೆಟ್ಟಿತೆಂಬುದನ್ನೂ ಅರಿಯಬೇಕು. ಅಲಂಕಾರದ ದೀಪ, ಹೆಚ್ಚುವರಿ ಹಾರ್ನ್‌ಗಳಿಗೆ ಮೂಲ ತಂತಿಯನ್ನೇ ಕೊರೆದು ಸಂಪರ್ಕ ಕೊಡುವುದು, ಬ್ಯಾಟರಿ ಕಳಚದೆ ಬಾಡಿಗೆ ವೆಲ್ಡಿಂಗ್ ಮಾಡಿಸುವುದು, ಬೇರೆ ವಾಹನದಿಂದ ಕರೆಂಟ್ ಪಡೆಯುವಾಗ ಕೇಬಲ್ಲುಗಳನ್ನು ಅದಲುಬದಲಾಗಿ ಜೋಡಿಸುವುದು, ಕ್ಯಾಬಿನ್ ಒಳಗೆ ನೀರು ಹಾಯಿಸಿ ತೊಳೆಯುವುದು ಇವು ಮುಖ್ಯ ಕಾರಣಗಳು. ಮೂಲ ಕಾರಣ ನಿವಾರಿಸದೆ ಹೊಸದನ್ನು ಕೂಡಿಸಿದರೆ ಅದೂ ಸುಡಬಹುದು.

ಬದಲಾವಣೆಯ ಕ್ರಮ

ಹಳೆಯ ಮಾಡ್ಯೂಲ್ ಇನ್ನೂ ಮಾತನಾಡುವ ಸ್ಥಿತಿಯಲ್ಲಿದ್ದರೆ ಅದರಲ್ಲಿನ ಸಂಯೋಜನೆಯನ್ನು ಮೊದಲು ಉಪಕರಣದ ಮೂಲಕ ಓದಿ ಉಳಿಸಿಕೊಳ್ಳಬೇಕು. ಆಮೇಲೆ ಇಗ್ನಿಷನ್ ಆಫ್ ಮಾಡಿ, ಕೆಲವು ನಿಮಿಷ ಕಾದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಕನೆಕ್ಟರುಗಳಿಗೆ ಗುರುತು ಹಾಕಿ ಬಿಡಿಸಿ, ಹೊಸದನ್ನು ಅದೇ ಸ್ಥಾನದಲ್ಲಿ ಬಿಗಿಗೊಳಿಸಬೇಕು. ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಚಾಸಿಸ್ ಸಂಖ್ಯೆ, ದೀಪಗಳ ಬಗೆ, ಲಾರಿಯ ಮಾದರಿ ಮುಂತಾದ ವಿವರಗಳನ್ನು ಮಾಡ್ಯೂಲಿಗೆ ತುಂಬಬೇಕಾಗುತ್ತದೆ; ಕೀಲಿಯಲ್ಲಿ ಇಮ್ಮೊಬಿಲೈಸರ್ ಇರುವ ಮಾದರಿಗಳಲ್ಲಿ ಕೀಲಿಯನ್ನೂ ಪರಿಚಯಿಸಬೇಕಾಗಬಹುದು. ಕೊನೆಗೆ ಹಳೆಯ ದೋಷಸಂಕೇತಗಳನ್ನು ಅಳಿಸಿ, ಪ್ರತಿಯೊಂದು ದೀಪ, ವೈಪರ್, ಹಾರ್ನ್‌ಗಳನ್ನು ಚಾಲಕನ ಸಮಕ್ಷಮ ಪರೀಕ್ಷಿಸಿಯೇ ಲಾರಿಯನ್ನು ಪಡೆಯಬೇಕು.

ಗುಜರಿಯಿಂದ ತಂದ ಹಳೆಯ ಮಾಡ್ಯೂಲ್ ಅಗ್ಗವೆಂದು ತೋರಬಹುದು. ಆದರೆ ಅದರಲ್ಲಿ ಬೇರೊಂದು ವಾಹನದ ವಿವರಗಳಿರುತ್ತವೆ. ಹೊರನೋಟಕ್ಕೆ ಒಂದೇ ಎನಿಸುವ ಪೆಟ್ಟಿಗೆಗಳ ತಂತ್ರಾಂಶದ ಆವೃತ್ತಿ ಭಿನ್ನವಾಗಿರಬಹುದು. ಪಾರ್ಟ್ ನಂಬರ್ ಪೂರ್ತಿ ಹೊಂದಿಕೆಯಾಗುವುದೆಂದು ಖಚಿತಪಡಿಸಿಕೊಳ್ಳದೆ ಖರೀದಿಸಬಾರದು.

ವ್ಯವಹಾರದ ದೃಷ್ಟಿ

ದುರಸ್ತಿಗೆ ಮುಂಚೆ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯಬೇಕು. ಮಾಡ್ಯೂಲ್, ಪ್ರೋಗ್ರಾಮಿಂಗ್ ಹಾಗೂ ಕೂಲಿಯನ್ನು ಪ್ರತ್ಯೇಕವಾಗಿ ನಮೂದಿಸಿದ ಬಿಲ್ಲು, ವಾರಂಟಿ ಪತ್ರ ಮತ್ತು ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯುವುದು ಮಾಲೀಕರಿಗೆ ಶ್ರೇಯಸ್ಕರ. ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಅಂಗಡಿಕಾರರು ಸಾಮಾನ್ಯವಾಗಿ ಮರಳಿ ಸ್ವೀಕರಿಸುವುದಿಲ್ಲವಾದ್ದರಿಂದ ರೋಗನಿರ್ಣಯಕ್ಕೆ ತೆತ್ತ ಶುಲ್ಕ ವ್ಯರ್ಥವಲ್ಲ.

ದಾರಿಯಲ್ಲಿ ಲಾರಿ ಕೆಟ್ಟಾಗ ಸರಕಿನ ಕಾಗದಪತ್ರಗಳತ್ತಲೂ ಗಮನವಿರಲಿ. ಒಣಮೆಣಸಿನಕಾಯಿಯಂತಹ ತೆರಿಗೆಗೆ ಒಳಪಟ್ಟ ಸರಕಿನ ಮೌಲ್ಯ 50,000 ರೂ. ಮೀರಿದ್ದರೆ ಇ-ವೇ ಬಿಲ್ ಅಗತ್ಯ. 2021ರ ಜನವರಿ 1ರಿಂದ ಅದರ ಅವಧಿ ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನ. ಸರಕನ್ನು ಬೇರೆ ಲಾರಿಗೆ ವರ್ಗಾಯಿಸಿದರೆ ‘ಬಿ’ ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಬೇಕು. ಅವಧಿ ಸಾಲದಿದ್ದರೆ ಅದು ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಿಕೊಳ್ಳಲು ಅವಕಾಶವಿದೆ.

ಒಂದೆರಡು ಲಾರಿಗಳ ಮಾಲೀಕರಿಗೆ ಸ್ವಂತ ಡಯಾಗ್ನೋಸ್ಟಿಕ್ ಉಪಕರಣ ಕೊಳ್ಳುವುದು ಕಷ್ಟಸಾಧ್ಯ. ಸಾಗಾಣಿಕೆದಾರರು ಒಗ್ಗೂಡಿ ನಮ್ಮ ಭಾಗದ ಗ್ಯಾರೇಜುಗಳಿಗೆ ಇಂತಹ ಉಪಕರಣವನ್ನೂ, ವಾಯರಿಂಗ್ ಮೇಸ್ತ್ರಿಗಳಿಗೆ ತರಬೇತಿಯನ್ನೂ ಒದಗಿಸಲು ಮುಂದಾದರೆ ಸಣ್ಣ ದೋಷಕ್ಕೂ ಹುಬ್ಬಳ್ಳಿಯ ದಾರಿ ಹಿಡಿಯುವುದು ತಪ್ಪೀತು. ಸುಗ್ಗಿ ಆರಂಭವಾಗುವ ಮುನ್ನವೇ ಬ್ಯಾಟರಿ, ಅರ್ಥಿಂಗ್ ಹಾಗೂ ಕನೆಕ್ಟರುಗಳನ್ನು ಪರೀಕ್ಷಿಸಿಕೊಳ್ಳುವುದು ಎಲ್ಲಕ್ಕಿಂತ ಕಡಿಮೆ ಖರ್ಚಿನ ಮಾರ್ಗವೆಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕಾಗಿ ವಿನಂತಿ.