ಬಾಲ್‌ರೂಂನಲ್ಲಿ ಚೆಂಡಿಲ್ಲ

ಮೈಸೂರಿನ ಲಲಿತಮಹಲ್ ಅರಮನೆಯಲ್ಲಿ 'ಬಾಲ್‌ರೂಂ' ಎಂಬ ವಿಶಾಲವಾದ ಸಭಾಂಗಣವಿದೆ. ಹೆಸರು ಕೇಳಿದವರಿಗೆ ಅಲ್ಲಿ ಯಾವ ಚೆಂಡಾಟ ನಡೆಯುತ್ತಿತ್ತೋ ಎಂಬ ಸಂದೇಹ ಬರುವುದು ಸಹಜ. ಆದರೆ ಈ ಕೋಣೆಗೂ ಚೆಂಡಿಗೂ ಸಂಬಂಧವಿಲ್ಲ. ಇದು ಗಂಡು ಹೆಣ್ಣು ಜೋಡಿಯಾಗಿ ಕುಣಿಯಲು ಕಟ್ಟಿದ ಜಾಗ.

ಇಂಗ್ಲಿಷಿನಲ್ಲಿ 'ಬಾಲ್' ಎಂಬ ಪದಗಳು ಎರಡಿವೆ. ಚೆಂಡು ಎಂಬ ಅರ್ಥದ ಪದ ಜರ್ಮಾನಿಕ್ ಭಾಷೆಗಳ ಕಡೆಯದು. ಕುಣಿತದ ಕೂಟ ಎಂಬ ಅರ್ಥದ ಪದ 17ನೇ ಶತಮಾನದಲ್ಲಿ ಫ್ರೆಂಚಿನಿಂದ ಬಂದದ್ದು. ಕುಣಿಯುವುದು ಎಂಬ ಅರ್ಥದ ಲ್ಯಾಟಿನ್ 'ಬಲ್ಲಾರೆ' ಅದರ ಮೂಲ. 'ಬ್ಯಾಲೆ', 'ಬ್ಯಾಲಡ್' ಪದಗಳೂ ಅದೇ ಬಳಗದವು. ಕೂಟ ನಡೆಯುವ ಕೋಣೆ ಬಾಲ್‌ರೂಂ ಆಯಿತು. ಅಲ್ಲಿ ಕುಣಿಯುವ ವಾಲ್ಟ್ಸ್, ಫಾಕ್ಸ್‌ಟ್ರಾಟ್, ಟ್ಯಾಂಗೋಗಳಿಗೆ ಕೋಣೆಯ ಹೆಸರೇ ಅಂಟಿಕೊಂಡಿತು. ವಾಲ್ಟ್ಸ್ ಎಂದರೆ ಜರ್ಮನ್ ಮೂಲದಲ್ಲಿ ಸುತ್ತುವುದು, ಉರುಳುವುದು.

ನಾಲ್ವಡಿ ಕೃಷ್ಣರಾಜ ಒಡೆಯರು ವೈಸರಾಯರ ವಾಸ್ತವ್ಯಕ್ಕಾಗಿ ಲಲಿತಮಹಲ್ ಕಟ್ಟಿಸಲು ತೊಡಗಿದ್ದು 1921ರಲ್ಲಿ. ಅಂದಿನ ಐರೋಪ್ಯ ಅತಿಥಿಗಳಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ಒಂದು ಆಕರ್ಷಣೆಯಾಗಿದ್ದರೆ, ಅರಮನೆಯ ಔತಣ, ಕುಣಿತ ಇನ್ನೊಂದು. 1974ರಲ್ಲಿ ಅರಮನೆ ಹೋಟೆಲಾದಾಗ ಬಾಲ್‌ರೂಂ ಊಟದ ಸಭಾಂಗಣವಾಯಿತು.

ಇಂಗ್ಲಿಷಿನಲ್ಲಿ ಚೆಂಡಿಗೂ ಕುಣಿತಕ್ಕೂ ಒಂದೇ ಉಚ್ಚಾರಣೆ ಬಂದದ್ದು ಕೇವಲ ಆಕಸ್ಮಿಕ. ಕನ್ನಡದಲ್ಲಿ ಹಾಗಲ್ಲ. ಚೆಂಡಾಟ, ಕೋಲಾಟ, ಬಯಲಾಟ ಮೂರರಲ್ಲೂ ಇರುವುದು ಒಂದೇ 'ಆಟ'. ಆಡುವುದು, ಕುಣಿಯುವುದು, ವೇಷ ಕಟ್ಟುವುದು ನಮ್ಮ ಹಿರಿಯರಿಗೆ ಬೇರೆ ಬೇರೆ ಎನಿಸಿರಲಿಲ್ಲ.

ಇನ್ನೊಂದು ವ್ಯತ್ಯಾಸವೂ ಉಂಟು. ಅವರ ನೃತ್ಯಕ್ಕೆ ಕೋಣೆಯ ಹೆಸರಾದರೆ, ನಮ್ಮ ಆಟಕ್ಕೆ ಬಯಲಿನ ಹೆಸರು. ಬಾಲ್‌ರೂಂಗೆ ಆಹ್ವಾನ ಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಸೀಮೆಯ ಹಳ್ಳಿಗಳಲ್ಲಿ ಗುಡಿಯ ಮುಂದೆ ಕೋಲಾಟ ನಡೆದರೆ ಕರೆಯಬೇಕಾಗಿಲ್ಲ. ಕೋಲಿನ ಸದ್ದು ಕೇಳಿದವರೆಲ್ಲ ಬಂದು ಸುತ್ತ ನಿಲ್ಲುತ್ತಾರೆ. ಇತ್ತೀಚೆಗೆ ಕೋಲಾಟ ಶಾಲಾ ವಾರ್ಷಿಕೋತ್ಸವದ ವೇದಿಕೆಯನ್ನೂ ಏರಿದೆ. ಅದು ಸಂತೋಷದ ವಿಷಯವೇ. ಆದರೆ ವೇದಿಕೆಯ ಮೇಲೆ ಆಡುವವರು ಬೇರೆ, ನೋಡುವವರು ಬೇರೆ.

ಲಲಿತಮಹಲಿನಲ್ಲಿ ಕುಣಿತ ನಿಂತರೂ ಗೋಡೆಗಳಿದ್ದುದರಿಂದ ಬಾಲ್‌ರೂಂ ಎಂಬ ಹೆಸರು ಉಳಿಯಿತು. ಬಯಲಿಗೆ ಗೋಡೆಯಿಲ್ಲ. ಅಲ್ಲಿ ಆಟ ನಡೆಯುತ್ತಿದ್ದರೆ ಮಾತ್ರ ಹೆಸರು ಉಳಿದೀತು.