ರಾಜ್ಯದ ವಕೀಲ ಯಾರ ವಕೀಲ?

ದ್ಯೂತಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆ ನಮಗೆಲ್ಲ ತಿಳಿದದ್ದೇ. ತನ್ನನ್ನು ತಾನು ಮೊದಲೇ ಸೋತುಕೊಂಡವನಿಗೆ ಹೆಂಡತಿಯನ್ನು ಪಣವಾಗಿ ಒಡ್ಡುವ ಹಕ್ಕು ಉಳಿದಿರುತ್ತದೆಯೇ? ಈ ಸಂದರ್ಭವನ್ನು ನಾವು ಕರುಣರಸದ ಕಣ್ಣಿನಿಂದ ಓದುತ್ತ ಬಂದಿದ್ದೇವೆ. ಆದರೆ ಆಕೆ ಎತ್ತಿದ್ದು ಅಪ್ಪಟ ಕಾನೂನಿನ ಪ್ರಶ್ನೆ. ಉತ್ತರ ಹೇಳಬೇಕಾಗಿದ್ದ ಭೀಷ್ಮರು ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ನುಣುಚಿಕೊಂಡರು. ಕೌರವರ ಸಾಲಿನಿಂದಲೇ ಎದ್ದ ವಿಕರ್ಣನೊಬ್ಬ, ಇದು ಅಧರ್ಮವೆಂದು ಬಿಚ್ಚಿ ನುಡಿದ. ಅರಮನೆಯ ಅನ್ನವನ್ನು ಉಣ್ಣುವವನು ಅರಮನೆಗೆ ಅಪ್ರಿಯವಾದ ನ್ಯಾಯವನ್ನು ಹೇಳಬಲ್ಲನೇ ಎಂಬ ಸಂದೇಹ ಅಷ್ಟು ಹಳೆಯದು. ಆ ಸಂದೇಹವನ್ನೇ ಒಡಲಲ್ಲಿಟ್ಟುಕೊಂಡು ಬೆಳೆದ ಒಂದು ಆಧುನಿಕ ಹುದ್ದೆಯಿದೆ. ಅಮೆರಿಕದ ಸಂಯುಕ್ತ ಸಂಸ್ಥಾನದ ಪ್ರತಿಯೊಂದು ರಾಜ್ಯದಲ್ಲಿಯೂ ಇರುವ ಅಟಾರ್ನಿ ಜನರಲ್ ಎಂಬ ಅಧಿಕಾರ ಅದು. ಇಂದು ಅದರ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಭಾಷೆಯ ಮೇಷ್ಟರಾಗಿ ದುಡಿದ ನನಗೆ ಮೊದಲು ಕಾಣುವುದು ಹೆಸರು. ‘ಜನರಲ್’ ಎಂದೊಡನೆ ಸೇನಾಪತಿಯೊಬ್ಬ ಕಣ್ಣಮುಂದೆ ನಿಲ್ಲುತ್ತಾನೆ. ಇಲ್ಲಿ ಸೇನೆಯ ಸೋಂಕೇ ಇಲ್ಲ. ಇದು ‘ಸಾಮಾನ್ಯ’, ‘ಎಲ್ಲಕ್ಕೂ ಸಲ್ಲುವ’ ಎಂಬ ಅರ್ಥದ ವಿಶೇಷಣ; ಫ್ರೆಂಚಿನ ಪದ್ಧತಿಯಂತೆ ನಾಮಪದದ ಹಿಂದೆ ಬಂದು ಕುಳಿತಿದೆ. ಆದ್ದರಿಂದಲೇ ಬಹುವಚನದ ಪ್ರತ್ಯಯವನ್ನು ‘ಅಟಾರ್ನಿ’ಗೆ ಹಚ್ಚಬೇಕೇ ಹೊರತು ‘ಜನರಲ್’ಗಲ್ಲ. ‘ಅಟಾರ್ನಿ’ ಎಂಬುದೂ ಹಳೆಯ ಫ್ರೆಂಚಿನಿಂದ ಬಂದದ್ದು. ಮತ್ತೊಬ್ಬನ ಬದಲಿಗೆ ನಿಲ್ಲಲು ನೇಮಕಗೊಂಡವನು ಎಂದು ಅದರ ಅರ್ಥ. ನಾವು ದಿನನಿತ್ಯ ಬಳಸುವ, ಅರಬ್ಬಿಯಿಂದ ಬಂದ ‘ವಕೀಲ’ ಶಬ್ದದ ಮೂಲಾರ್ಥವೂ ಹೆಚ್ಚುಕಡಿಮೆ ಅದೇ. ಹಾಗಾದರೆ ರಾಜ್ಯದ ವಕೀಲ ನಿಲ್ಲುವುದು ಯಾರ ಬದಲಿಗೆ? ಹುದ್ದೆಯ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತಿದೆ.

ಇಂಗ್ಲೆಂಡಿನಲ್ಲಿ ಉತ್ತರ ಸುಲಭವಾಗಿತ್ತು. ನ್ಯಾಯಾಲಯಗಳು ರಾಜನವೇ ಆಗಿದ್ದುದರಿಂದ ರಾಜ ತಾನೇ ಅಲ್ಲಿ ಕಕ್ಷಿಗಾರನಾಗಿ ಬಂದು ನಿಲ್ಲುವಂತಿರಲಿಲ್ಲ. ಹದಿಮೂರನೆಯ ಶತಮಾನದಿಂದಲೇ ಆತನ ಪರವಾಗಿ ವಾದಿಸಲು ವಕೀಲರು ನೇಮಕವಾಗುತ್ತಿದ್ದರು. ಹದಿನೈದನೆಯ ಶತಮಾನದ ಹೊತ್ತಿಗೆ ಅಟಾರ್ನಿ ಜನರಲ್ ಎಂಬ ಬಿರುದು ರೂಢಿಗೆ ಬಂತು. ಸಮುದ್ರ ದಾಟಿ ವಸಾಹತು ಹೂಡಿದ ಆಂಗ್ಲರು ಈ ಹುದ್ದೆಯನ್ನೂ ಜೊತೆಗೆ ಕೊಂಡೊಯ್ದರು. 1643ರಷ್ಟು ಹಿಂದೆಯೇ ವರ್ಜೀನಿಯಾದಲ್ಲಿ ಅಟಾರ್ನಿ ಜನರಲ್ ಇದ್ದ. 1776ರಲ್ಲಿ ವಸಾಹತುಗಳು ಸ್ವತಂತ್ರವಾದಾಗ ರಾಜ ಹೋದ, ರಾಜನ ವಕೀಲ ಉಳಿದ. ವರ್ಜೀನಿಯಾದ ಹೊಸ ಸಂವಿಧಾನವು ಅವನನ್ನು ಆರಿಸುವ ಕೆಲಸವನ್ನು ಶಾಸನಸಭೆಗೆ ಒಪ್ಪಿಸಿತು. ಹಾಗೆ ಆಯ್ಕೆಯಾದ ಎಡ್ಮಂಡ್ ರ‍್ಯಾಂಡಾಲ್ಫ್ ಮುಂದೆ 1789ರಲ್ಲಿ ಇಡೀ ಸಂಯುಕ್ತ ಸಂಸ್ಥಾನದ ಮೊದಲ ಅಟಾರ್ನಿ ಜನರಲ್ ಆದ. ಅಂದರೆ ಅಲ್ಲಿ ರಾಜ್ಯಗಳ ಹುದ್ದೆಯೇ ಹಿರಿದು, ಕೇಂದ್ರದ್ದು ಕಿರಿದು.

ಹತ್ತೊಂಬತ್ತನೆಯ ಶತಮಾನದ ನಡುವೆ ದೊಡ್ಡದೊಂದು ತಿರುವು ಬಂತು. ಅಧಿಕಾರಿಗಳನ್ನು ಜನರೇ ಆರಿಸಬೇಕೆಂಬ ಹುಮ್ಮಸ್ಸು ದೇಶದಲ್ಲೆಲ್ಲ ಹಬ್ಬಿದ ಕಾಲವದು. ನ್ಯೂಯಾರ್ಕ್ ರಾಜ್ಯ 1846ರ ಸಂವಿಧಾನದಲ್ಲಿ ಈ ಹುದ್ದೆಯನ್ನು ಚುನಾವಣೆಗೆ ಒಳಪಡಿಸಿತು. ಇತರ ರಾಜ್ಯಗಳೂ ಆ ದಾರಿ ಹಿಡಿದವು. ಇಂದು ಐವತ್ತು ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಮತದಾರರಿಂದಲೇ ನೇರವಾಗಿ ಆಯ್ಕೆಯಾಗುತ್ತಾರೆ. ಐದು ರಾಜ್ಯಗಳಲ್ಲಿ ಗವರ್ನರ್ ನೇಮಿಸುತ್ತಾರೆ. ಮೇನ್ ರಾಜ್ಯದಲ್ಲಿ ಶಾಸನಸಭೆಯೂ ಟೆನೆಸಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟೂ ಆರಿಸುತ್ತವೆ. ಚುನಾವಣೆಯ ಫಲವೇನೆಂದರೆ, ಗವರ್ನರ್ ಒಂದು ಪಕ್ಷದವರೂ ಅವರಿಗೆ ಕಾನೂನು ಹೇಳಬೇಕಾದ ವಕೀಲರು ಎದುರು ಪಕ್ಷದವರೂ ಆಗಿರುವುದು ಅಲ್ಲಿ ಅಪರೂಪವಲ್ಲ. ಕಕ್ಷಿಗಾರನು ವಕೀಲನನ್ನು ವಜಾ ಮಾಡಲಾರದ ವಿಚಿತ್ರ ಸಂಬಂಧ ಅದು.

ಇವರ ಕೆಲಸವೇನು? ಮೊದಲನೆಯದು, ನ್ಯಾಯಾಲಯಗಳಲ್ಲಿ ರಾಜ್ಯದ ಪರವಾಗಿ ನಿಲ್ಲುವುದು. ಎರಡನೆಯದು, ಸರ್ಕಾರವೂ ಶಾಸನಸಭೆಯೂ ಕೇಳಿದ ಕಾನೂನಿನ ಪ್ರಶ್ನೆಗಳಿಗೆ ಬರಹದಲ್ಲಿ ಅಭಿಪ್ರಾಯ ಕೊಡುವುದು. ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಅನಾಥ ಶಿಶುಗಳಿಗೂ ಬುದ್ಧಿ ಸ್ವಾಧೀನವಿಲ್ಲದವರಿಗೂ ರಾಜನೇ ತಂದೆ ಎಂಬ ಭಾವನೆ ಹಳೆಯ ಆಂಗ್ಲ ನ್ಯಾಯದಲ್ಲಿತ್ತು. ಪ್ರಜೆಗಳ ರಕ್ಷಣೆಯನ್ನು ಹೊತ್ತವನೇ ನಿಜವಾದ ತಂದೆ, ಹೆತ್ತವರು ಜನ್ಮಕ್ಕೆ ಮಾತ್ರ ಕಾರಣರು ಎಂದು ರಘುವಂಶದ ದಿಲೀಪನನ್ನು ಕಾಳಿದಾಸ ಹೊಗಳಿದ್ದನ್ನು ಬಲ್ಲ ನಮಗೆ ಈ ಭಾವನೆ ಹೊಸದೇನಲ್ಲ. ಅಮೆರಿಕದಲ್ಲಿ ಈ ತಂದೆತನ ರಾಜ್ಯಕ್ಕೆ ಬಂತು. ರಾಜ್ಯದ ಪರವಾಗಿ ಅದನ್ನು ನಡೆಸುವ ಹೊಣೆ ಅಟಾರ್ನಿ ಜನರಲ್‌ರದಾಯಿತು. ನೆರೆಯ ಟೆನೆಸಿಯ ತಾಮ್ರದ ಕುಲುಮೆಗಳ ಹೊಗೆ ತನ್ನ ಕಾಡನ್ನೂ ಬೆಳೆಯನ್ನೂ ಸುಡುತ್ತಿದೆಯೆಂದು ಜಾರ್ಜಿಯಾ ರಾಜ್ಯ ದಾವೆ ಹೂಡಿ 1907ರಲ್ಲಿ ಗೆದ್ದದ್ದು ಈ ಬಲದಿಂದಲೇ.

ಆದರೆ ಹುದ್ದೆಯ ನಿಜವಾದ ಪರೀಕ್ಷೆ ನಡೆಯುವುದು ರಾಜ್ಯದ ಅನುಕೂಲವೂ ನ್ಯಾಯವೂ ಬೇರೆಬೇರೆ ದಿಕ್ಕಿಗೆ ಎಳೆದಾಗ. ಅಂಥ ಒಂದು ಪ್ರಸಂಗವನ್ನು ಕೊಂಚ ವಿವರವಾಗಿ ಹೇಳುತ್ತೇನೆ.

1961ರಲ್ಲಿ ಫ್ಲಾರಿಡಾ ರಾಜ್ಯದ ಪನಾಮಾ ಸಿಟಿ ಎಂಬ ಊರಿನಲ್ಲಿ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಬಡವ, ಬಿಲಿಯರ್ಡ್ಸ್ ಆಡುವ ಅಂಗಡಿಯೊಂದನ್ನು ಒಡೆದು ಚಿಲ್ಲರೆ ಹಣ ಕದ್ದನೆಂಬ ಆಪಾದನೆಗೆ ಗುರಿಯಾದ. ತನಗೆ ಶಕ್ತಿಯಿಲ್ಲ, ಒಬ್ಬ ವಕೀಲನನ್ನು ಕೊಡಿ ಎಂದು ನ್ಯಾಯಾಧೀಶರನ್ನು ಬೇಡಿದ. ಮರಣದಂಡನೆಗೆ ಅರ್ಹವಾದ ಅಪರಾಧಗಳಲ್ಲಿ ಮಾತ್ರ ಹಾಗೆ ಕೊಡಲು ಫ್ಲಾರಿಡಾದ ಕಾನೂನಿನಲ್ಲಿ ಅವಕಾಶವೆಂದು ಉತ್ತರ ಬಂತು. ತನಗೆ ತೋಚಿದಂತೆ ತಾನೇ ವಾದಿಸಿದ. ಐದು ವರ್ಷದ ಸೆರೆಯಾಯಿತು. ಜೈಲಿನಿಂದ ಸೀಸದ ಕಡ್ಡಿಯಲ್ಲಿ ಬರೆದ ಅವನ ಅರ್ಜಿಯನ್ನು 1962ರಲ್ಲಿ ದೇಶದ ಸುಪ್ರೀಂ ಕೋರ್ಟು ವಿಚಾರಣೆಗೆ ಎತ್ತಿಕೊಂಡಿತು. ಬಡ ಆಪಾದಿತನಿಗೆ ವಕೀಲನನ್ನು ಒದಗಿಸುವುದು ರಾಜ್ಯಗಳಿಗೆ ಎಲ್ಲ ಸಂದರ್ಭದಲ್ಲಿಯೂ ಕಡ್ಡಾಯವಲ್ಲವೆಂದು 1942ರಲ್ಲಿ ಅದೇ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಆ ತೀರ್ಪನ್ನೇ ಮತ್ತೆ ತೂಗಿ ನೋಡುವ ಸಂದರ್ಭ ಒದಗಿತು.

ಫ್ಲಾರಿಡಾದ ಅಟಾರ್ನಿ ಜನರಲ್ ರಿಚರ್ಡ್ ಅರ್ವಿನ್ ಇತರ ರಾಜ್ಯಗಳ ತಮ್ಮ ಸಹೋದ್ಯೋಗಿಗಳಿಗೆ ಪತ್ರ ಬರೆದು ಬೆಂಬಲ ಬೇಡಿದರು. ಹಳೆಯ ತೀರ್ಪು ಬಿದ್ದುಹೋದರೆ ಎಲ್ಲ ರಾಜ್ಯಗಳ ಬೊಕ್ಕಸಕ್ಕೂ ಹೊರೆ. ವಕೀಲರಿಲ್ಲದೆ ಶಿಕ್ಷೆಗೊಳಗಾದವರೆಲ್ಲ ಬಿಡುಗಡೆ ಕೇಳುತ್ತಾರೆ. ರಾಜ್ಯದ ವಕೀಲರಾದವರು ರಾಜ್ಯದ ಪರ ನಿಲ್ಲಬೇಡವೇ? ಲೋಕರೂಢಿಯ ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮಿನ್ನೆಸೋಟದ ಅಟಾರ್ನಿ ಜನರಲ್ ಆಗಿದ್ದ ವಾಲ್ಟರ್ ಮಾಂಡೇಲ್ ಎಂಬ ಮೂವತ್ತನಾಲ್ಕು ವರ್ಷದ ತರುಣ, ಬಡವನಿಗೂ ವಕೀಲನ ಹಕ್ಕಿದೆಯೆಂದೇ ತನ್ನ ನಂಬಿಕೆಯೆಂದು ಬರೆದು, ಬೆಂಬಲವನ್ನು ನಿರಾಕರಿಸಿದ. ಆ ಉತ್ತರದ ಪ್ರತಿ ಮ್ಯಾಸಚೂಸೆಟ್ಸ್‌ನ ಅಟಾರ್ನಿ ಜನರಲ್ ಎಡ್ವರ್ಡ್ ಮೆಕಾರ್ಮಕ್‌ಗೂ ಹೋಯಿತು. ಅಲ್ಲಿಂದ ಮಾತು ಹಬ್ಬಿತು. ಕೊನೆಗೆ 22 ರಾಜ್ಯಗಳು ನ್ಯಾಯಾಲಯದ ಮಿತ್ರರಾಗಿ ಗಿಡಿಯನ್ನನ ಪರ ನಿಂತವು. ಫ್ಲಾರಿಡಾದ ಜೊತೆ ನಿಂತವು ಎರಡೇ. ಕೌರವಸಭೆಯಲ್ಲಿ ವಿಕರ್ಣ ಒಂಟಿಯಾಗಿದ್ದ. ಇಲ್ಲಿ ಒಬ್ಬ ಎದ್ದೊಡನೆ ಇಪ್ಪತ್ತೊಂದು ಮಂದಿ ಅವನ ಜೊತೆಗೆ ಎದ್ದರು.

1963ರ ಮಾರ್ಚ್ 18ರಂದು ನ್ಯಾಯಾಲಯ ಒಮ್ಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿತು. ಅದೇ ಆಗಸ್ಟಿನಲ್ಲಿ ಮರುವಿಚಾರಣೆ ನಡೆದು, ಈ ಬಾರಿ ವಕೀಲನ ನೆರವು ಪಡೆದ ಗಿಡಿಯನ್ ನಿರಪರಾಧಿಯೆಂದು ಹೊರಬಂದ. ಸಾಕ್ಷ್ಯ ಬಹುಮಟ್ಟಿಗೆ ಹಿಂದಿನದೇ. ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಬಲ್ಲ ನಾಲಗೆಯೊಂದು ಹೊಸದಾಗಿ ಬಂದಿತ್ತು. ಅಷ್ಟರಲ್ಲಿ ಅವನ ಬಾಳಿನ ಎರಡು ವರ್ಷ ಸೆರೆಯಲ್ಲಿ ಕಳೆದಿತ್ತು.

ಈ ಹುದ್ದೆಯ ಸ್ವಾತಂತ್ರ್ಯಕ್ಕೆ ಇನ್ನೊಂದು ನಿದರ್ಶನ ಮಿಸಿಸಿಪ್ಪಿಯದು. ಹೊಗೆಸೊಪ್ಪಿನಿಂದ ರೋಗಿಗಳಾದ ಬಡವರ ಚಿಕಿತ್ಸೆಗೆ ರಾಜ್ಯ ಸುರಿದ ಹಣವನ್ನು ಸಿಗರೇಟು ಕಂಪೆನಿಗಳೇ ಕೊಡಬೇಕೆಂದು ಅಲ್ಲಿಯ ಅಟಾರ್ನಿ ಜನರಲ್ ಮೈಕ್ ಮೂರ್ 1994ರಲ್ಲಿ ದಾವೆ ಹೂಡಿದರು. ಅದನ್ನು ತಡೆಯಲು ರಾಜ್ಯದ ಗವರ್ನರರೇ ನ್ಯಾಯಾಲಯದ ಮೆಟ್ಟಿಲೇರಿದರು, ಫಲಿಸಲಿಲ್ಲ. ಒಂದೊಂದಾಗಿ ಇತರ ರಾಜ್ಯಗಳೂ ಕೂಡಿಕೊಂಡವು. ನಾಲ್ಕು ರಾಜ್ಯಗಳು ಮೊದಲೇ ಪ್ರತ್ಯೇಕವಾಗಿ ರಾಜಿಯಾದವು. ಉಳಿದ 46 ರಾಜ್ಯಗಳೊಡನೆ 1998ರಲ್ಲಿ ಆದ ಒಪ್ಪಂದದಂತೆ ಕಂಪೆನಿಗಳು 25 ವರ್ಷಗಳಲ್ಲಿ ಸುಮಾರು 20,600 ಕೋಟಿ ಡಾಲರ್ ತೆರಲು ಒಪ್ಪಿದವು. ಆ ಹಣದಲ್ಲಿ ಧೂಮಪಾನ ಬಿಡಿಸುವ ಕಾರ್ಯಕ್ಕೆ ಸಂದದ್ದು ಅತ್ಯಲ್ಪವೆಂಬುದೂ ನಿಜ. ಗೆದ್ದುಕೊಡುವುದು ವಕೀಲರ ಕೈಯಲ್ಲಿ, ಖರ್ಚು ಶಾಸನಸಭೆಯ ಕೈಯಲ್ಲಿ.

ನಾಣ್ಯಕ್ಕೆ ಇನ್ನೊಂದು ಮುಖವಿದೆ. ಮತ ಬೇಡಿ ಬಂದವನಿಗೆ ಮುಂದಿನ ಮತದ ಚಿಂತೆ ತಪ್ಪುವುದಿಲ್ಲ. ಈ ಹುದ್ದೆಯ ಇಂಗ್ಲಿಷ್ ಹ್ರಸ್ವಾಕ್ಷರಗಳನ್ನು ‘ಗವರ್ನರ್ ಪದವಿಯ ಆಕಾಂಕ್ಷಿ’ ಎಂದು ಬಿಡಿಸಿ ಅಲ್ಲಿಯವರು ನಗುತ್ತಾರೆ. ಈಚಿನ ದಶಕಗಳಲ್ಲಿ ಒಂದು ಪಕ್ಷದ ಅಟಾರ್ನಿ ಜನರಲ್‌ಗಳು ಗುಂಪುಗೂಡಿ ಎದುರು ಪಕ್ಷದ ಕೇಂದ್ರ ಸರ್ಕಾರದ ಮೇಲೆ ದಾವೆ ಹೂಡುವುದು ವಾಡಿಕೆಯಾಗಿದೆ. 2020ರ ಡಿಸೆಂಬರಿನಲ್ಲಿ ಟೆಕ್ಸಾಸ್ ರಾಜ್ಯದ ಅಟಾರ್ನಿ ಜನರಲ್, ಬೇರೆ ನಾಲ್ಕು ರಾಜ್ಯಗಳ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಟೆಕ್ಸಾಸಿಗೆ ಹಾಗೆ ಕೇಳುವ ಅಧಿಕಾರವೇ ಇಲ್ಲವೆಂದು ನ್ಯಾಯಾಲಯ ಅದನ್ನು ತಿರಸ್ಕರಿಸಿತು. ಗವರ್ನರರ ಹಂಗಿನಿಂದ ಬಿಡಿಸಿದ ಚುನಾವಣೆ ಪಕ್ಷದ ಹಂಗಿಗೆ ಒಪ್ಪಿಸಿತೋ ಏನೋ.

ನಮ್ಮ ಸಂವಿಧಾನ ಬೇರೆ ದಾರಿ ಹಿಡಿದಿದೆ. ಕೇಂದ್ರಕ್ಕೆ 76ನೆಯ ವಿಧಿಯಂತೆ ಅಟಾರ್ನಿ ಜನರಲ್. ರಾಜ್ಯಗಳಿಗೆ 165ನೆಯ ವಿಧಿಯಂತೆ ಅಡ್ವೊಕೇಟ್ ಜನರಲ್. ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾಗಲು ಅರ್ಹತೆಯುಳ್ಳವರನ್ನು ರಾಜ್ಯಪಾಲರು ನೇಮಿಸುತ್ತಾರೆ. ರಾಜ್ಯಪಾಲರ ಇಚ್ಛೆಯಿರುವವರೆಗೆ ಅಧಿಕಾರ. ರೂಢಿಯಲ್ಲಿ ಮಂತ್ರಿಮಂಡಲ ಬದಲಾದರೆ ಅವರೂ ಬದಲಾಗುತ್ತಾರೆ. ಆದರೂ ಅವರನ್ನು ಬರಿಯ ಸರ್ಕಾರಿ ವಕೀಲರೆಂದು ಸಂವಿಧಾನ ಬಗೆದಿಲ್ಲ. ಮತ ಹಾಕುವ ಹಕ್ಕಿಲ್ಲದಿದ್ದರೂ ವಿಧಾನಮಂಡಲದಲ್ಲಿ ಎದ್ದು ಮಾತಾಡುವ ಹಕ್ಕು ಅವರಿಗುಂಟು. ಸಾರ್ವಜನಿಕ ಧರ್ಮದತ್ತಿಗಳಲ್ಲಿ ನಂಬಿಕೆದ್ರೋಹ ನಡೆದರೆ ತಾವೇ ದಾವೆ ಹೂಡಬಲ್ಲರು. ದಿಲೀಪನ ತಂದೆತನದ ಒಂದು ಎಳೆ ಇಲ್ಲಿಯೂ ಉಳಿದುಕೊಂಡಿದೆ.

ನೇಮಕಗೊಂಡವರೂ ಎದ್ದು ನಿಲ್ಲಬಲ್ಲರು. ಸ್ವತಂತ್ರ ಭಾರತದ ಮೊದಲ ಅಟಾರ್ನಿ ಜನರಲ್ ಎಂ. ಸಿ. ಸೆಟಲ್ವಾಡ್ ಅವರು 1958ರಲ್ಲಿ, ಜೀವವಿಮಾ ನಿಗಮವು ಮುಂದ್ರಾ ಕಂಪೆನಿಗಳ ಷೇರು ಕೊಂಡ ವಿಚಾರ ಛಾಗ್ಲಾ ಆಯೋಗದ ಮುಂದೆ ಬಂದಾಗ, ಸರ್ಕಾರಕ್ಕೆ ಅಪ್ರಿಯವಾದ ಸತ್ಯವನ್ನೇ ಪ್ರತಿಪಾದಿಸಿದರು. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಗಿಡಿಯನ್ನನಿಗೆ ದೊರೆತ ಹಕ್ಕಿನ ಪ್ರತಿರೂಪವೂ ನಮ್ಮಲ್ಲಿ ಬಂದಿದೆ. ಬಡವರಿಗೆ ಉಚಿತ ಕಾನೂನು ನೆರವೆಂಬ ಆಶಯ 1976ರ ತಿದ್ದುಪಡಿಯಿಂದ ಸಂವಿಧಾನವನ್ನು ಸೇರಿತು. 1987ರ ಶಾಸನ ಅದಕ್ಕೆ ಕೈಕಾಲು ಕೊಟ್ಟಿತು.

ಆರಿಸಿದರೆ ಪಕ್ಷದ ಭಯ, ನೇಮಿಸಿದರೆ ಮಂತ್ರಿಯ ಭಯ. ನಿರ್ಭಯನಾದ ವಕೀಲನನ್ನು ತಯಾರಿಸುವ ಯಂತ್ರವನ್ನು ಯಾವ ಸಂವಿಧಾನವೂ ಕಂಡುಹಿಡಿದಿಲ್ಲ. ಸಂವಿಧಾನ ಪೀಠವನ್ನು ಕೊಡಬಲ್ಲುದು, ಅದರಲ್ಲಿ ಕೂತವನ ಎದೆಯನ್ನು ಕೊಡಲಾರದು. ಆದರೆ ಒಂದನ್ನು ನಾವು, ಪ್ರಜೆಗಳು, ಮಾಡಬಹುದು. ರಾಜ್ಯದ ವಕೀಲ ನ್ಯಾಯಾಲಯದಲ್ಲಿ ಎದ್ದು ನಿಂತಾಗ ಆತ ಗೆದ್ದನೋ ಸೋತನೋ ಎಂದಷ್ಟೇ ಕೇಳದೆ, ಯಾರ ಪರವಾಗಿ ಮಾತಾಡಿದ ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬಹುದು. ಮಂತ್ರಿಗಳು ಬರುತ್ತಾರೆ, ಹೋಗುತ್ತಾರೆ. ರಾಜ್ಯವೆಂದರೆ ಉಳಿಯುವವರು ನಾವು. ಆತನ ಸಂಬಳದ ಚೀಟಿ ಯಾವ ಕಚೇರಿಯಿಂದ ಬಂದರೂ ಕಕ್ಷಿಗಾರರು ನಾವೇ.